ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ

ಜೂನ್ ಹದಿನೈದು. ಧಾಯರಿಯ ಓಣಿಯಲ್ಲಿ
ಹಳದಿ ವ್ಯಾನು ಹಾರನ್ ಹೊಡೆದು ಹೊರಟುಹೋಯಿತು.
ನಮ್ಮ ಗೇಟಿಗೆ ನಿಲ್ಲಲಿಲ್ಲ. ಬೇಡ ಎಂದವಳು ನಾನೇ.
ಆದರೂ ಕಿವಿ ಅದರ ಬೆನ್ನು ಹತ್ತಿ
ಸಿಂಹಗಡ ರಸ್ತೆಯ ತಿರುವಿನ ತನಕ ಹೋಗಿ ಬಂತು.

"ಶಾಳಾ ನಾಹೀ ಕಾ?" ಎದುರುಮನೆಯ ವೃಂದಾತಾಯಿ
ಕೊತ್ತಂಬರಿ ಸೋಸುತ್ತ ಕೇಳುತ್ತಾರೆ, ದಿನಾ ಹೊಸದಾಗಿ.
ನಮ್ಮ ಶಾಲೆಯ ಲ ಈ ಊರಿಗೆ ಬಂದು ಳ ಆಗಿದೆ.
ಮುಂದಿನ ಎರಡು ಹಲ್ಲು ಬಿದ್ದ ಶಾಲ್ಮಲೆಗೂ
ಲ ಜಾರುತ್ತದೆ, ಳ ಗಟ್ಟಿ;
ಹೆಸರು ಕೇಳಿದವರಿಗೆ "ಶಾಳ್ಮಳಾ" ಎಂದು ಹೇಳಿ
ಓಣಿಯನ್ನೆಲ್ಲ ಗೆದ್ದುಕೊಂಡಿದ್ದಾಳೆ.

ಸೀರೆ ಅಂಗಡಿಯಂತೆ ನೆಲದ ತುಂಬ ಹರಡಿದ್ದೇನೆ.
ಒಂದು ಪರದೇಶದ ಪೆಟ್ಟಿಗೆ:
ಮೂವತ್ತಾರು ವಾರ, ವಾರಕ್ಕೊಂದು ಬಣ್ಣದ ಲಕೋಟೆ.
ಹದಿನಾಲ್ಕನೆಯದರಲ್ಲಿ, ಅಂಗಳದಲ್ಲಿ ಬಿದ್ದ ಹಿಮ ಅಳೆಯಿರಿ.
ಫ್ರಿಜ್ಜಿನ ಮೇಲಿನ ಖಾನೆ ಕೆರೆದು ಅಳೆದೆವು,
ಅರ್ಧ ಬೆರಳು.
ಇನ್ನೊಂದು ಸರಕಾರದ್ದು, ಒಂದನೇ ಇಯತ್ತೆ;
ಅಗ್ಗ, ಅಂಟಿನ ವಾಸನೆ, ಅಂಚಿಗೆ ಯಾರದೋ ಹೆಬ್ಬೆರಳ ಶಾಯಿ.
ಅಪ್ಪಾ ಬಳವಂತ ಚೌಕದಿಂದ ತಂದ ಮರದ ಮಣಿ.
ಮುಟ್ಟಿ ಕಲಿಯುವ ಮರಳುಕಾಗದದ ಅಕ್ಷರ, ನಾಗರಿಯಲ್ಲಿವೆ, ಇಂಗ್ಲಿಷಿನಲ್ಲಿವೆ.
"ಕಾನಡೀ?" ಅಂಗಡಿಯವನು ಏಣಿ ಹತ್ತಿ ಹುಡುಕಿ
ಬರಿಗೈಯಲ್ಲಿ ಇಳಿದ.
ಕನ್ನಡದವನ್ನು ನಾನೇ ಕತ್ತರಿಸಿದೆ.
ಋ ಬರುವಷ್ಟರಲ್ಲಿ ಬೆರಳಿಗೆ ಬೊಬ್ಬೆ.

ಮಹಾಂತೇಶ ಎಕ್ಸೆಲ್ಲಿನಲ್ಲಿ ಚೌಕ ಹಾಕಿದ್ದಾನೆ:
ಗಣಿತ, ಭಾಷೆ ಒಂದು, ಎರಡು, ಮೂರು, ಪರಿಸರ, ಕೈಕೆಲಸ.
ತುಂಬದ ಚೌಕ ತಾನಾಗಿಯೇ ಕೆಂಪಾಗುತ್ತದೆ.
ಬುಧವಾರ ಪೂರ್ತಿ ಕೆಂಪು. ಆ ದಿನ ಅವಳು
ಮಳೆ ನಿಂತ ಗೋಡೆಯ ಮೇಲೆ ಬಸವನಹುಳು ನೋಡುತ್ತ ಕೂತಿದ್ದಳು.
"ಪರಿಸರ ಅಂತ ಹಾಕಲೇನು?"
"ಹಾಕು."
"ಎಷ್ಟು ತಾಸು?"
ಹುಳು ಇನ್ನೂ ಅರ್ಧ ಗೋಡೆಯಲ್ಲಿತ್ತು.

ರಾತ್ರಿ ಮಾತ್ರ ಅಂಜಿಕೆ.
ಬೆಂಚಿನ ಕೆಳಗಿಂದ ಹುಣಸೆಹಣ್ಣು ದಾಟಿಸುತ್ತಿದ್ದ
ಆ ಸಕ್ಕೂಬಾಯಿಯ ಕೈ,
ಉಗುರಿನ ಸಂದಿಯಲ್ಲಿ ಉಪ್ಪು ಇರುತ್ತಿತ್ತು,
ಅದು ಯಾವ ಪೆಟ್ಟಿಗೆಯಲ್ಲಿ, ಎಷ್ಟನೆಯ ವಾರಕ್ಕೆ ಬರುತ್ತದೆ?

ಶನಿವಾರ, ಬರೆಯದೆ ಉಳಿದ ವರ್ಕ್‌ಬುಕ್ಕುಗಳನ್ನು ಸುತಳಿಯಲ್ಲಿ ಬಿಗಿದು
ಗುಲಾಬರಾವ್ ಕಾಕಾನ ರದ್ದಿ ಅಂಗಡಿಗೆ ಒಯ್ದೆವು.
"ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ," ಎಂದ.
"ಸ್ವಲ್ಪ ಅಂದ್ರ ಎಷ್ಟು?"
ಉತ್ತರಕ್ಕೆ ಕಾಯದೆ, ಅಲ್ಲೇ ಬಿದ್ದಿದ್ದ
ಕಿವಿ ಮಡಚಿದ ಹಳೆಯ ರೈಲ್ವೆ ವೇಳಾಪಟ್ಟಿಯನ್ನು
ಪುಸ್ತಕದ ತಟ್ಟೆಗೆ ಸೇರಿಸಿದಳು.
ಮುಳ್ಳು ನೆಟ್ಟಗಾಯಿತು.
"ಇಷ್ಟು!" ಎಂದಳು.
ಆಮೇಲೆ ಆ ಇಷ್ಟನ್ನು ಬಿಟ್ಟು ಬರಲೊಲ್ಲಳು.
ಕಾಕಾ ಹತ್ತು ರೂಪಾಯಿ ಕಳೆದು ಎಣಿಸಿಕೊಟ್ಟ.

ಈಗ ದಿನಾ ರಾತ್ರಿ ಅದೇ ಓದಬೇಕು.
ದೌಂಡ, ಭಿಗವಣ, ಜೇವೂರ, ಕುರ್ಡುವಾಡಿ.
ಮಾಢಾ ಬಿಟ್ಟು ಮುಂದೆ ಹೋದರೆ ಸಿಟ್ಟು:
ಗಾಡಿ ನಿಲ್ಲದಿದ್ದರೂ ಊರು ಇದೆಯಲ್ಲ.
ಸೊಲ್ಲಾಪುರ, ಹೊಟಗಿ;
ಲಚ್ಯಾಣದಿಂದ ಬೋರ್ಡಿನ ಅಕ್ಷರ ದುಂಡಗಾಗುತ್ತವೆ ಎಂದೆ.
"ಯಾರು ದುಂಡಗ ಮಾಡ್ತಾರ?"
ನನಗೆ ಹೊಳೆಯಲಿಲ್ಲ. ಕತ್ತರಿಸಿಟ್ಟ ಬ ತಂದು
ಕಣ್ಣು ಮುಚ್ಚಿ ಅದರ ಬೆನ್ನ ಮೇಲೆ ಬೆರಳಾಡಿಸಿದಳು.

ಪರದೇಶದ ಪೆಟ್ಟಿಗೆ ಅಟ್ಟದ ಮೇಲಿದೆ.
ಮಾರಿಲ್ಲ. ಹದಿನೈದನೆಯ ಲಕೋಟೆ ಒಡೆದೂ ಇಲ್ಲ.
ಭಿಗವಣದಲ್ಲಿ ಗಾಡಿ ಎರಡು ನಿಮಿಷ ನಿಲ್ಲುತ್ತದಂತೆ;
ನೀರಿನಲ್ಲಿ ನಿಂತ ಹಕ್ಕಿಗಳನ್ನು ಎಣಿಸಲು ಸಾಲದು,
ಇಳಿಯಲೇಬೇಕು ಎಂದು ಅವಳ ತೀರ್ಪು.
ಅಪ್ಪನದೊಂದು, ಅವ್ವನದೊಂದು, ತನ್ನದು ಅರ್ಧ,
ಎರಡೂವರೆ ಟಿಕೆಟಿಗೆ ಎಷ್ಟು?
ಬಿದ್ದ ಹಲ್ಲಿನ ಸಂದಿಗೆ ನಾಲಿಗೆ ಒತ್ತಿಟ್ಟುಕೊಂಡು
ಲೆಕ್ಕ ಹಾಕುತ್ತಿದ್ದಾಳೆ. ನಾನು ಹೇಳುತ್ತಿಲ್ಲ.