ಬುಧವಾರದ ಮೊಗ್ಗು

ಬಂದು ಹದಿನೇಳು ದಿನ.
ಪೆಟ್ಟಿಗೆಯ ಚಕ್ರಕ್ಕೆ ಸಿಕ್ಕಿ ಬಂದ ಮರಳು
ಇನ್ನೂ ಜಗಲಿಯಲ್ಲಿ ಕಾಲಿಗೆ ತಾಗುತ್ತದೆ.
ಗುಡಿಸುತ್ತೇನೆ. ಮತ್ತೆ ಎಲ್ಲಿಂದಲೋ ಒಂದು ಹರಳು.

ಇಗರ್ಜಿ ಬಿಟ್ಟ ಮೇಲೆ ಎಲ್ಲರೂ ಕೇಳುತ್ತಾರೆ,
ಏನೇನು ಕಂಡೆ ಸೆವ್ರಿನ್ ಬಾಯಿ, ಬಹ್ರೇನಿನಲ್ಲಿ?
ಕಡಲ ಮೇಲೆ ಮುಗಿಯದ ಸೇತುವೆ ಕಂಡೆ.
ಮರಳಿನ ನಡುವೆ ಒಂಟಿ ಮರ ಕಂಡೆ;
ಐರಿನ್ ಅದರ ಕೆಳಗೆ ನಿಲ್ಲಿಸಿ ಫೋಟೋ ತೆಗೆದಳು,
ನನ್ನ ಕಣ್ಣು ಮುಚ್ಚಿಯೇ ಬಿದ್ದಿದೆ.

ಬಜಾರಿನ ವಿಷಯ ಯಾರಿಗೂ ಹೇಳಿಲ್ಲ.

ಇಪ್ಪತ್ತೆರಡು ವರ್ಷ ಕಟ್ಟಿದ ಕೈ ಇದು.
ನಸುಕಿಗೆ ಕೊಯ್ದು, ಬಾಳೆನಾರು ನೆನೆಸಿ,
ಹನ್ನೊಂದರೊಳಗೆ ಕಟ್ಟೆಗೆ ಮುಟ್ಟಿಸಿ,
ದರ ಕೇಳಿ, ಬೈದು, ಮನೆಗೆ.
ಹೂವು ವಿಮಾನಕ್ಕೆ ಹೋಗುತ್ತದೆ ಅಂತ ಗೊತ್ತಿತ್ತು.
ಆಚೆಗೆ ಏನಾಗುತ್ತದೆ ಅಂತ ಯಾಕೆ ಕೇಳಬೇಕು,
ಮಾರಿದ ಕರು ಎಲ್ಲಿ ಮೇಯುತ್ತದೆ ಅಂತ ಕೇಳುತ್ತೇವೆಯೇ?

ಮನಾಮದ ಹಳೇ ಓಣಿ, ಸಂಜೆಯ ಬಾಂಗು ಮುಗಿದ ಹೊತ್ತು.
ಬೆವರು, ಏಲಕ್ಕಿ ಚಹಾ, ಏಸಿಯಿಂದ ತೊಟ್ಟಿಕ್ಕುವ ನೀರು,
ಅದರ ನಡುವೆ ಒಮ್ಮೆಲೇ
ನನ್ನ ಹಿತ್ತಿಲು.
ಮೂಗು ಮೊದಲು ನಿಂತಿತು, ಆಮೇಲೆ ಕಾಲು.

ಗುಜರಾತಿ ಮುದುಕನೊಬ್ಬ ಬಾಳೆಲೆ ಬಿಡಿಸುತ್ತಿದ್ದ.
ಕೈಗೆತ್ತಿಕೊಂಡು ಗಂಟು ನೋಡಿದೆ.
ನನ್ನದಲ್ಲ. ನಾನು ಇಲ್ಲಿರುವಾಗ ಕಟ್ಟುವುದು ಯಾರು?
ಹತ್ತಕ್ಕೊಮ್ಮೆ ನಾರು ಸಡಿಲ:
ಅಪ್ಪಿಯ ಗಂಟು! ಗಿಡ ನನ್ನದು,
ನೀರು ಹಾಕಲು ಬಿಟ್ಟುಬಂದವಳ ಕೈ.
ಒಂದು ಗೇಣಿಗೆ ಅರ್ಧ ದಿನಾರ್ ಎಂದ ಮುದುಕ.
ಮನಸ್ಸಿನಲ್ಲೇ ಗುಣಿಸಿದೆ, ಮತ್ತೆ ಗುಣಿಸಿದೆ,
ಬಾಯಿಗೆ ಬಂದ ಕೊಂಕಣಿ ಬೈಗುಳ ನುಂಗಿದೆ.

ಆಗ ಬಂದ ಅವನು, ನೀಲಿ ಸಮವಸ್ತ್ರ,
ಮೊಣಕಾಲಿನವರೆಗೆ ಸಿಮೆಂಟು.
ಕರೀಂನಗರದ ಹುಡುಗ. ಚಿಲ್ಲರೆ ಎಣಿಸಿ ಕೊಟ್ಟು
ಒಂದೇ ಗೇಣು ಕೊಂಡ.
ನನ್ನ ಹರಕು ಹಿಂದಿಯಲ್ಲಿ ಕೇಳಿದೆ: ಯಾರ ಮುಡಿಗಪ್ಪಾ?
ನಕ್ಕ. ಮುಡಿಗಲ್ಲ ಅಮ್ಮಾ, ತಲೆದಿಂಬಿಗೆ.
ನಾಳೆ ಶುಕ್ರವಾರ, ರಜೆ.
ಎಂಟು ಮಂಚದ ಕೋಣೆ, ಎಂಟು ಜನರ ಕಾಸು;
ವಾರಕ್ಕೊಬ್ಬನ ದಿಂಬಿಗೆ ಹೂವು.
ಈ ವಾರ ನನ್ನ ಸರದಿಯಲ್ಲ,
ಕೊಂಡುಹೋಗುವ ಸರದಿ ಮಾತ್ರ ನನ್ನದು.

ಊಟದ ಡಬ್ಬಿಯೊಳಗೆ ಹೂವಿಟ್ಟು ಮುಚ್ಚಳ ಒತ್ತಿ
ಬಸ್ಸಿಗೆ ಓಡಿದ.

ಈಗ ಒಂದು ಮಾತು. ಪಾದ್ರಿಯ ಕಿವಿಗೂ ಹಾಕದ್ದು.
ಒಂದು ಚೆಂಡಿಗೆ ಎಂಟುನೂರು ಮೊಗ್ಗು, ಲೆಕ್ಕ.
ನಾನು ಏಳುನೂರ ಎಂಬತ್ತಕ್ಕೆ ನಿಲ್ಲಿಸುತ್ತಿದ್ದೆ.
ಯಾರು ಎಣಿಸುತ್ತಾರೆ?
ಹುಡುಗಿಯರ ಫೀಸು ಇತ್ತು, ಹಿಂಡಿಯ ಬೆಲೆ ಇತ್ತು,
ಎಲ್ಲರೂ ಮಾಡುತ್ತಿದ್ದರು, ಅಪ್ಪಿಯೂ.
ಆ ರಾತ್ರಿ ಐರಿನಳ ಮನೆಯ ಹನ್ನೊಂದನೇ ಮಾಳಿಗೆಯಲ್ಲಿ
ನಿದ್ದೆ ಬಾರದೆ ಭಾಗಿಸುತ್ತಾ ಕುಳಿತೆ:
ಇಪ್ಪತ್ತು ಮೊಗ್ಗು ಅಂದರೆ ಎಷ್ಟು ಬೆರಳುದ್ದ?
ಯಾರ ವಾರದ್ದು?

ಗುರುವಾರ ಅಲ್ಲಿ ಬಿಚ್ಚುವುದು ಇಲ್ಲಿಯ ಬುಧವಾರದ ಮೊಗ್ಗು.

ಇಂದು ಬುಧವಾರ. ಗಂಟೆ ಹತ್ತೂವರೆ.
ಕಟ್ಟೆಯ ಹುಡುಗ ಗೇಟಿನಲ್ಲಿ ಹಾರ್ನು ಹೊಡೆಯುತ್ತಿದ್ದಾನೆ.
ಅಪ್ಪಿ ನನ್ನ ಕೈಯನ್ನೇ ನೋಡುತ್ತಾಳೆ:
ಎಂಟುನೂರು ಆಗಲೇ ದಾಟಿತಲ್ಲ ಬಾಯಮ್ಮ,
ಲೆಕ್ಕ ತಪ್ಪಿತಾ?

ಕಣ್ಣು ಮಂಜು ಮಾರಾಯ್ತಿ, ಎನ್ನುತ್ತೇನೆ.
ಆ ನಾರು ಇತ್ತ ಕೊಡು.