ಒಳಮೈ

ಜೀನ್ಸನ್ನು ತಿರುವಿಹಾಕಿ ನೋಡುವುದು ನನ್ನ ಕೆಲಸ.
ಹೊರಗಿನ ನೀಲಿಗೆ ಬೇರೆಯವರಿದ್ದಾರೆ.
ನನ್ನ ಪಾಲಿಗೆ ಒಳಮೈ:
ಓವರ್‌ಲಾಕಿನ ಬಿಳಿ ಹಲ್ಲು, ಬಿಟ್ಟುಹೋದ ಹೊಲಿಗೆ,
ಜೇಬಿನ ತಳದಲ್ಲಿ ಸೂಜಿ ತಪ್ಪಿದ ಸಣ್ಣ ಬಾಯಿ.
ದಿನಕ್ಕೆ ನಾನೂರು. ಹದಿನಾರು ವರ್ಷ.
ಒಂದೂ ವಾಪಸು ಬಂದಿಲ್ಲ ಎಂದು ಸೇಠ್ ಬೆನ್ನು ತಟ್ಟುತ್ತಾನೆ.
ತಟ್ಟಿದ ಜಾಗ ಸಂಜೆತನಕ ಉರಿಯುತ್ತದೆ.

ಹುಲಿಗೆಮ್ಮ ತನ್ನ ಮಗನನ್ನು ದೊಡ್ಡಾಸ್ಪತ್ರೆಗೆ ಒಯ್ದಾಗ
ಜೊತೆಗೆ ಹೋಗಿದ್ದೆ.
ಡಾಕ್ಟರು ಕೇಳಿದ್ದು ಹುಡುಗನ ಬಗ್ಗೆ:
ಸಾಮಾನು ಸಾಲಾಗಿ ಜೋಡಿಸ್ತಾನಾ?
ಕುಕ್ಕರ್ ಕೂಗಿದರೆ ಕಿವಿ ಮುಚ್ಕೊಳ್ತಾನಾ?
ಹುಲಿಗೆಮ್ಮ ನೆನಪು ಮಾಡಿಕೊಳ್ಳುವಷ್ಟರಲ್ಲಿ
ಹೌದು, ಹೌದು ಅಂದುಬಿಟ್ಟೆ ನಾನು.
ನೀವು ತಾಯಿನಾ? ಅಲ್ಲ.
ಮತ್ತೆ ನಿಮಗೆ ಹೇಗೆ ಗೊತ್ತು?
ಅದಕ್ಕೆ ಉತ್ತರ ಹೊಂದಿಸಲು ಐದು ತಿಂಗಳು ಹಿಡಿಯಿತು.

ಈಗ ನನ್ನದೇ ಚೀಟಿ.
ಹೆಸರು?
ಎರ್ರೆಮ್ಮ.
ಕೌಂಟರಿನವ ಪಕ್ಕದವನ ಕಡೆ ನೋಡಿದ.
ಬಳ್ಳಾರಿಯಲ್ಲಿ ಅಷ್ಟು ತೆಲುಗು ಎಲ್ಲರಿಗೂ ಬರುತ್ತದೆ,
ಎರ್ರಿ ಅಂದರೆ ಮರುಳು.
ತಾತನಿಗೆ ಹೊತ್ತ ಹರಕೆಯ ಹೆಸರು, ಓಣಿಗೆ ಮೂವರಿದ್ದೇವೆ,
ಆದರೂ ಶಾಲೆಯಲ್ಲಿ ಹಾಜರಿ ಕೂಗಿದಾಗ
ನನ್ನ ಹೆಸರಿಗಷ್ಟೇ ನಗುತ್ತಿದ್ದರು.
ವಯಸ್ಸು? ಮೂವತ್ತೆಂಟು.
ಮಗು ಎಲ್ಲಿ, ಅಂದ.

ಫಾರಮ್ಮಿನ ತುಂಬ ಮಗು.
ಮಗು ಕರೆದರೆ ತಿರುಗುತ್ತದೆಯೆ.
ಮಗು ಬೊಂಬೆಗೆ ಊಟ ಮಾಡಿಸುತ್ತದೆಯೆ.
ಬಣ್ಣದ ವಾಸನೆ ತಡೆಯಲಾರದೆ
ನರೆಗೂದಲು ಹಾಗೇ ಬಿಟ್ಟುಕೊಂಡ ಮಗು
ಪೆನ್ನು ಹಿಡಿದು ಕೂತಿತು.
ಬೊಂಬೆ ಎಲ್ಲಿತ್ತು ನಮಗೆ? ಖಾಲಿ ದಾರದ ರೀಲುಗಳಿದ್ದವು.
ಬಣ್ಣ ನೋಡಿ ಅಲ್ಲ, ಬಂಡೆಯ ಮೇಲೆ ಉರುಳಿಸಿದಾಗ
ಬರುವ ಸದ್ದು ನೋಡಿ ಜೋಡಿಸುತ್ತಿದ್ದೆ.
ಇದನ್ನು ಯಾವ ಚೌಕದಲ್ಲಿ ಬರೆಯಲಿ?

ನಿಮ್ಮನ್ನು ಸಣ್ಣಾಗಿನಿಂದ ಕಂಡವರು ಬರಬೇಕು, ಅಂದರು ಮೇಡಂ.
ಅವ್ವ ಇಲ್ಲ. ಅಪ್ಪ ಇದ್ದಾಗಲೂ ಕಂಡವನಲ್ಲ.
ಎದುರುಮನೆ ಹುಸೇನ್‌ಬಿ ಬಂದಳು,
ಊರುಗೋಲು, ಎಲೆಅಡಿಕೆ ಚೀಲ,
ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ ಇಸ್ತ್ರಿ ಸೀರೆ.
ಕೂತವಳೇ ಶುರು:
"ಇಕಿಗೆ ಏನೂ ಆಗಿಲ್ಲಮ್ಮಾ, ಬಂಗಾರದಂಥ ಹುಡುಗಿ.
ಹಟ ಅಂದ್ರ ಒಂದೇ. ಫ್ರಾಕು ಹೊಲಿದು ಕೊಟ್ರ ತೊಡಾಕಿಲ್ಲ.
ಚೀರಾದು, ಗ್ವಾಡಿಗೆ ತಲಿ ಜಜ್ಜಾದು.
ಅವರವ್ವ ಹೊಡದೂ ಹೊಡದೂ ಸಾಕಾಗಿ
ನನ್ನ ಮಿಷನ್ ಹತ್ರ ಕುಂದ್ರಿಸಿ ಹೋಗ್ತಿದ್ಲು.
ಒಂದಿನ ಉಲ್ಟಾ ತೊಡಿಸಿದೆ. ಹೊಲಿಗಿ ಹೊರಗ, ನುಣುಪು ಒಳಗ.
ಗಪ್ಪಾದ್ಲು ನೋಡ್ರಿ.
ಆಮ್ಯಾಲೆ ಇಕಿ ಫ್ರಾಕೆಲ್ಲ ಹಂಗೇ ಹೊಲಿದೆ.
ಮಂದಿ ನನಗಾ ಅಂದ್ರು, ಈ ಟೇಲರಮ್ಮಗ
ಯಾವ ಮೈ ಯಾವುದು ಗೊತ್ತಾಗಲ್ಲ ಅಂತ."

ಮೇಡಮ್ಮಿನ ಪೆನ್ನು ನಿಂತಿತು.
ನನಗೆ ಇದು ಗೊತ್ತಿರಲಿಲ್ಲ.
ಬಣ್ಣ ಮಾಸದಿರಲಿ ಅಂತ ಅವ್ವ ಉಲ್ಟಾ ಹಾಕುತ್ತಿದ್ದಳು,
ಬಡತನ, ಅಂದುಕೊಂಡಿದ್ದೆ ಇಷ್ಟು ವರ್ಷ.
ಫ್ಯಾನು ಪ್ರತಿ ಒಂಬತ್ತನೇ ಸುತ್ತಿಗೆ ಒಮ್ಮೆ ತಡವರಿಸುತ್ತಿತ್ತು.
ಅದನ್ನೇ ಕೇಳುತ್ತ ಕೂತೆ,
ಅಳು ಬರುವ ಜಾಗದಲ್ಲಿ ನನಗೆ ಲೆಕ್ಕ ಬರುತ್ತದೆ.

ಇನ್ನೆರಡು ಸಲ ಬರಬೇಕಂತೆ. ತಾರೀಕು ಫೋನಿನಲ್ಲಿ ಹೇಳುತ್ತಾರಂತೆ.
ಫೋನು ಬೇಡ್ರಿ, ಬರೆದುಕೊಡಿ ಅಂದೆ.
ಯಾಕೆ ಅಂತ ಕೇಳಲಿಲ್ಲ. ಬರೆದುಕೊಟ್ಟರು.

ಆಟೋದಲ್ಲಿ ಹುಸೇನ್‌ಬಿ: "ಕಡೀಗೆ ಏನು ಕೊಡ್ತಾರಂತ?"
"ಗುಳಿಗೆ ಅಲ್ಲ. ಒಂದು ಹೆಸರು."
"ಇರಾದು ಸಾಲ್ದೇನು?"

ಮುಂದೆ ರೈಲ್ವೆ ಗೇಟು ಹಾಕಿತ್ತು.
ಅದಿರು ತುಂಬಿದ ಗಾಡಿ, ಕೆಂಪು ಧೂಳು.
ಐವತ್ತೆಂಟು ಡಬ್ಬಿ, ಒಂದೊಂದೂ ಎಣಿಸಿದೆ.
ಕೊನೆಯದು ದಾಟಿ ಗೇಟು ಎದ್ದ ಮೇಲೆ
ಅವಳ ಮಾತಿಗೆ ನಗು ಬಂತು ನನಗೆ,
ಮೈಯೆಲ್ಲ ಕುಲುಕುವ ಹಾಗೆ.
"ಯಾಕ ನಗ್ತೀ ಎರ್ರಿ," ಅಂದಳು,
ಸೆರಗಿನಿಂದ ನನ್ನ ಧೂಳು ಒರೆಸಲು ಬಂದವಳು
ನೆನಪಾಗಿ, ಮುಟ್ಟದೆ,
ಸೆರಗನ್ನೇ ನನ್ನ ಕೈಗೆ ಕೊಟ್ಟಳು.