‘ಪುತ್ರ’ ಎಂಬಲ್ಲಿ ಒಂದು ತೂತು

ಕಾರವಾರದ ಕೋರ್ಟಿನಲ್ಲಿ ಹೆಸರು ಹಿಡಿದು ನನ್ನನ್ನು ಯಾರೂ ಕರೆಯುವುದಿಲ್ಲ.
ಮೋಡಿ ಮಾಸ್ತರು ಬಂದರೇ, ಎನ್ನುತ್ತಾರೆ.
ಪುಟಕ್ಕೆ ನಲವತ್ತು ರೂಪಾಯಿ, ಭೂತಗನ್ನಡಿ ನನ್ನದೇ.
ಹೊಸ ಪೇದೆಯೊಬ್ಬ ಒಮ್ಮೆ ಕಿವಿಯಲ್ಲಿ ಕೇಳಿದ್ದ:
ಮೋಡಿ ಬಿಡಿಸುತ್ತೀರಂತೆ, ನಮ್ಮ ಅತ್ತಿಗೆಗೂ ಒಂಚೂರು ನೋಡಿ.
ನಾನು ಬಿಡಿಸುವುದು ಸತ್ತವರ ಕೈಬರಹ ಮಾರಾಯ, ಅಂದೆ.
ಅದೂ ಒಂದು ತರಹದ ಮಾಟವೇ ಅನ್ನಿ,
ಕೈ ಬೂದಿಯಾದ ಮೇಲೂ ಅಕ್ಷರ ಹೊಲ ಹಂಚುತ್ತಿರುತ್ತದೆ.

ಈ ಸಲದ ಕಾಗದ ಮಂಜಗುಣಿಯದು.
ಬಿಸ್ಕೀಟಿನ ಡಬ್ಬಿ, ಅದರೊಳಗೆ ಹಳೇ ರವಿಕೆಯ ತುಂಡು,
ಅದರೊಳಗೆ ಮುಂಬೈ ಸರಕಾರದ ಕಾಲದ ಸನದು,
ಮಡಿಕೆ ಮಡಿಕೆಗೂ ಹರಿದು ಒಂಬತ್ತು ಚೂರು.
ಹೊಳೆಯ ಉಪ್ಪುನೀರು ನುಗ್ಗುವ ನೆಲಕ್ಕೆ
ಸ್ವಂತ ಖರ್ಚಿನಲ್ಲಿ ಒಡ್ಡು ಹಾಕಿ ಗಜನಿ ಮಾಡಿದ
ಬೀರ ಬಿನ್ ಹಮ್ಮಣ್ಣ ನಾಯಕನಿಗೆ
‘ಪುತ್ರಪೌತ್ರಾದಿ ವಂಶಪರಂಪರೆಯಿಂದ
ಚಂದ್ರಸೂರ್ಯರಿರುವ ತನಕ.’

ಬೀರನ ಮರಿಮಗನಿಗೆ ಗಂಡು ಹುಟ್ಟಲಿಲ್ಲ.
ಹುಟ್ಟಿದವಳು ಬೊಮ್ಮಕ್ಕ. ಅರವತ್ತು ದಾಟಿದೆ,
ಕಗ್ಗ ಬಿತ್ತುತ್ತಾಳೆ,
ಮಣ್ಣು ಹೊತ್ತು ಒಡ್ಡಿನ ಬಾಯಿ ಮುಚ್ಚುತ್ತಾಳೆ.
ಚಿಕ್ಕಪ್ಪನ ಮಕ್ಕಳು ದಾವೆ ಹೂಡಿದರು.
ಅವರ ವಕೀಲ ಹಳದೀಪುರಕರರು ಆ ಒಂದು ಶಬ್ದವನ್ನು
ಪೇಟೆಯಲ್ಲಿ ಇಸವಣ ಎತ್ತಿ ಹಿಡಿದ ಹಾಗೆ ಹಿಡಿದು
ಕಿವಿರು ಅಗಲಿಸಿ ತೋರಿಸಿದರು:
ಪುತ್ರ ಅಂದರೆ ಪುತ್ರ, ಸ್ವಾಮಿ. ನೋಡಿ, ಇನ್ನೂ ತಾಜಾ.
ಗಂಡುಕುಡಿ ನಿಂತಲ್ಲಿ ಸೊತ್ತು ಪಕ್ಕದ ಗಂಡುಕುಡಿಗೆ ಹೊರಳಲೇಬೇಕು.

ನಾನು ಕಟಕಟೆ ಹತ್ತಿದೆ.
ನಿಜ ಹೇಳಬೇಕೆಂದರೆ, ‘ತ್ರ’ದ ನೆತ್ತಿಯಲ್ಲೊಂದು ತೂತಿತ್ತು,
ಎಳ್ಳಿನಷ್ಟು. ಹುಳು ತಿಂದದ್ದು.
ಅಲ್ಲಿ ಕೊಂಡಿ ಇದ್ದಿದ್ದರೆ ಪುತ್ರಿ.
ರಾತ್ರಿಯೆಲ್ಲ ಆ ತೂತಿನ ದಂಡೆಯಲ್ಲಿ ಕೂತಿದ್ದೆ.
ಅಂಚು ಕಪ್ಪಗೆ ಕಂಡಿತು; ಶಾಯಿಯೋ, ನನ್ನ ಆಸೆಯೋ.
ಒಂದು ಕೊಂಡಿ ತಾನೆ ಮಾಸ್ತರೇ, ಅಂದಿದ್ದ
ಬೊಮ್ಮಕ್ಕನ ವಕೀಲ, ಚಹಾ ಕೊಡಿಸಿ.
‘ಓದಲು ಬರುವುದಿಲ್ಲ’ ಎಂದುಬಿಟ್ಟೆ,
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಶೀತ ಹಿಡಿದಿದ್ದ ಜಡ್ಜ್ ಸಾಹೇಬರು
ಕರವಸ್ತ್ರದ ಒಳಗಿನಿಂದಲೇ ತೀರ್ಪು ಓದಿದರು.
ತೂತನ್ನು ಮುಟ್ಟಲೇ ಇಲ್ಲ.
ಪುತ್ರನಿರಲಿ, ಪುತ್ರಿಯಿರಲಿ,
ಸನದಿನಲ್ಲಿ ಈ ಮಾತು ‘ಯಾರಿಗೆ’ ಎಂದು ಹೇಳುವುದಿಲ್ಲ,
‘ಎಲ್ಲಿಯ ತನಕ’ ಎಂದು ಹೇಳುತ್ತದೆ.
ಇದು ವಾರಸುದಾರರ ಪಟ್ಟಿಯಲ್ಲ, ಹಕ್ಕಿನ ಉದ್ದ.
ಬೀರನಿಗೆ ಪೂರ್ತಿ ಕೊಟ್ಟರು; ಕೊಟ್ಟಮೇಲೆ ಅವನದು.
ಅವನಿಂದ ಮುಂದಿನ ದಾರಿ ಕಾಯಿದೆಗೆ ಗೊತ್ತು,
ಆ ದಾರಿಯಲ್ಲಿ ಮಗಳೂ ನಿಂತಿದ್ದಾಳೆ.
ಮುಂದಿನ ಕೇಸು.

ನಾನು ನಿದ್ದೆಗೆಟ್ಟ ಅಕ್ಷರ
ಲೆಕ್ಕಕ್ಕೇ ಇರಲಿಲ್ಲ.

ಹೊರಗೆ ಗಾಳಿಮರದ ಕೆಳಗೆ ಬೊಮ್ಮಕ್ಕ
ಸನದಿನ ಝೆರಾಕ್ಸು ನನ್ನ ಮುಂದೆ ಹಿಡಿದಳು:
‘ನನ್ ಹೆಸ್ರು ಎಲ್ಲದೆ, ತೋರ್ಸಿ. ನಂಗೆ ಓದೂಕೆ ಬರೂದಿಲ್ಲ.’
ಇದರಲ್ಲಿ ನಿನ್ನ ಹೆಸರಿಲ್ಲ ತಾಯಿ, ನಿನ್ನಪ್ಪನದೂ ಇಲ್ಲ.
‘ಮತ್ತೆ ಚಂದ್ರ ಅಂದ್ರಲ್ಲ, ಅವ?’
ತೋರಿಸಿದೆ. ಉಗುರಿನಿಂದ ಅವನನ್ನು ಕೆರೆದು ನಕ್ಕಳು.
‘ಇವ್ನೇ ನೋಡಿ, ಅಮಾಸೆಗೊಂದು ಸಲ ಹುಣ್ಣಿಮೆಗೊಂದು ಸಲ
ನೀರು ತಂದು ಒಡ್ಡು ಗುದ್ದೂದು.
ಇವ ಇರೂ ತನ್ಕ ಅಂತ ಬರ್ದವ್ರು
ಗಜನಿ ಕಂಡವ್ರಲ್ಲ.’

ಇವತ್ತೂ ಅಮಾಸೆ. ಭರತ ಏರುವ ಮೊದಲು
ಜಂತ್ರಕ್ಕೆ ಹಲಗೆ ಇಳಿಸಬೇಕು ಎನ್ನುತ್ತ
ಅಂಕೋಲೆಯ ಬಸ್ಸಿಗೆ ಓಡಿದಳು,
ಬಗಲಲ್ಲಿ ಖಾಲಿ ಡಬ್ಬಿ.
ಝೆರಾಕ್ಸು ನನ್ನ ಕೈಯಲ್ಲೇ ಉಳಿಯಿತು.
ಮುಚ್ಚಳ ಹಾಕದೆ ತೆಗೆದಿದ್ದಾನೆ ಪುಣ್ಯಾತ್ಮ;
ತೂತು ಅಚ್ಚ ಕಪ್ಪಗೆ ಬಿದ್ದಿದೆ,
ಈಗ ಯಾರು ಓದಿದರೂ
ಒಂದು ಕೊಂಡಿ.